ಹೊಟ್ಟೆನೋವು ಎಂದು ಬರೆಯುವ ಮೊದಲು

(ದೇವಿಕೊಪ್ಪದಲ್ಲಿ ಮಹಿಳಾ ಸಂಘಗಳ ಸದಸ್ಯೆಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಬರುತ್ತದೆ. ನೀವೂ ಓದಿರುತ್ತೀರಿ. ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ’. ಕೆಳಗೆ ಹೆಸರು, ವಯಸ್ಸು, ಊರು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂಬ ಮಾತು. ಅಷ್ಟೇ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಾರೋ ಇರುತ್ತದೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಕಲಿಸಿದವಳು, ಶಬ್ದಗಳನ್ನು ಕೆದಕುವುದು ನನಗೆ ಹತ್ತಿದ ಚಟ. ಈ ‘ಹೊಟ್ಟೆನೋವು’ ಎಂಬ ಶಬ್ದ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಹೊಟ್ಟೆನೋವಿಗೆ ಕಲಘಟಗಿಯಲ್ಲಿ ಡಾಕ್ಟರಿದ್ದಾರೆ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ ಬಸ್ಸಿದೆ. ಇಪ್ಪತ್ತೆರಡರ ಹುಡುಗಿ ಒಂದು ಹೊಟ್ಟೆನೋವಿಗೆ ಜೀವ ಕಳೆದುಕೊಂಡಳು ಎಂದರೆ ಓದಿದವರು ಯಾರೂ ‘ಯಾವ ಹೊಟ್ಟೆನೋವು’ ಎಂದು ಕೇಳುವುದಿಲ್ಲವಲ್ಲ!

ನಿಜವಾಗಿ ಹೊಟ್ಟೆನೋವಿನಿಂದ ವರ್ಷಗಟ್ಟಲೆ ನರಳಿ ಬದುಕು ಬೇಡವೆನಿಸಿದವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಈ ಶಬ್ದವನ್ನು ಸತ್ತವಳು ಬರೆಸಿರುವುದಿಲ್ಲ. ಗಂಡನ ಮನೆಯವರು ಹೇಳುತ್ತಾರೆ, ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ, ತವರಿನವರು ತಲೆ ತಗ್ಗಿಸಿ ಸಹಿ ಹಾಕುತ್ತಾರೆ. ಯಾಕೆ ಹಾಕುತ್ತಾರೆ? ಬೆನ್ನಿಗೆ ಇನ್ನೊಬ್ಬ ಮಗಳು ಮದುವೆಗೆ ನಿಂತಿದ್ದಾಳೆ. ಸತ್ತವಳ ಕೂಸು ಅದೇ ಮನೆಯಲ್ಲಿ ಬೆಳೆಯಬೇಕಾಗಿದೆ. ಊರ ಹಿರಿಯರು ‘ಹೋದ ಜೀವ ತಿರುಗಿ ಬರ್ತೈತೇನು’ ಎಂದು ಸಮಾಧಾನ ಹೇಳಿ ಆಗಿರುತ್ತದೆ. ಬೆಂಗಳೂರಿನಲ್ಲಿ 1990ರ ದಶಕದ ಕೊನೆಯಲ್ಲಿ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಹಾಸಿಗೆ ಹಾಸಿಗೆಯ ಬಳಿ ಕೂತು ವಿಚಾರಿಸಿದಾಗ ಹೊರಬಿದ್ದದ್ದೂ ಇದೇ ಬಗೆಯ ಒಂದು ಶಬ್ದ. ಕಾಗದದಲ್ಲಿ ‘ಸ್ಟವ್ ಸಿಡಿದು’ ಎಂದಿತ್ತು, ಮಲಗಿದ್ದವರು ಹೇಳುತ್ತಿದ್ದ ಕತೆ ಬೇರೆಯಿತ್ತು. ನಗರದಲ್ಲಿ ಸ್ಟವ್, ಹಳ್ಳಿಯಲ್ಲಿ ಹೊಟ್ಟೆನೋವು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಕಲಂ 498ಎ 1983ರಲ್ಲಿ ಬಂತು, ವರದಕ್ಷಿಣೆ ಸಾವಿನ ಕಲಂ 304ಬಿ 1986ರಲ್ಲಿ. ಈಗ 1 ಜುಲೈ 2024ರಿಂದ ಇವೇ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 80ನೇ ಕಲಂಗಳಾಗಿವೆ. ಆತ್ಮಹತ್ಯೆಗೆ ಪ್ರಚೋದನೆ ಕೊಟ್ಟವರಿಗೆ 108ನೇ ಕಲಂ. ಮದುವೆಯಾಗಿ ಏಳು ವರ್ಷದೊಳಗೆ ಹೀಗೆ ಸಾವಾದರೆ ಮರಣೋತ್ತರ ಪರೀಕ್ಷೆಯೂ ಮ್ಯಾಜಿಸ್ಟ್ರೇಟರ ವಿಚಾರಣೆಯೂ ಆಗಬೇಕು. ಇದನ್ನು ನೆನಪಿಡಿ, ನೆರೆಮನೆಯಲ್ಲಿ ಅಂಥದ್ದಾದಾಗ ಗಟ್ಟಿಯಾಗಿ ಹೇಳಿ. ಆದರೆ ಈ ಕಲಂಗಳಲ್ಲಿ ಬಹಳಷ್ಟು ಎಚ್ಚರವಾಗುವುದು ಹೆಣ ಮನೆಯಲ್ಲಿರುವಾಗ. ಇವತ್ತು ನಾನು ಮಾತಾಡಬೇಕೆಂದಿರುವುದು ಅದಕ್ಕಿಂತ ಮೊದಲಿನ ದಿನಗಳ ಬಗ್ಗೆ, ಅವಳಿನ್ನೂ ನೀರು ತರುತ್ತ, ರೊಟ್ಟಿ ಬಡಿಯುತ್ತ, ನಮ್ಮ ನಿಮ್ಮ ಕಣ್ಣೆದುರು ಓಡಾಡುತ್ತಿರುವ ದಿನಗಳ ಬಗ್ಗೆ.

ಒಂದೇ ಒಂದು ಲೆಕ್ಕ ಕೊಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2021ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಹೆಂಗಸರು 45,026. ಅವರಲ್ಲಿ 23,178 ಮಂದಿ ಗೃಹಿಣಿಯರು. ಅರ್ಧಕ್ಕಿಂತ ಹೆಚ್ಚು. ಗಂಡಸರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು, ರೈತರ ಸಾವನ್ನು ಈ ಜಿಲ್ಲೆ ಹತ್ತಿರದಿಂದ ಕಂಡಿದೆ. ಆದರೆ ರೈತ ಸತ್ತಾಗ ‘ಸಾಲಬಾಧೆ’ ಎಂದಾದರೂ ಬರೆಯುತ್ತಾರೆ, ಪರಿಹಾರದ ಮಾತಾಗುತ್ತದೆ, ಶಾಸಕರು ಬಂದು ಹೋಗುತ್ತಾರೆ. ಅದೇ ಹೊಲದಲ್ಲಿ ಕಳೆ ಕಿತ್ತ ಹೆಂಗಸು ಸತ್ತರೆ ಅವಳು ರೈತಳೂ ಅಲ್ಲ, ಕೂಲಿಯೂ ಅಲ್ಲ, ಬರೀ ಗೃಹಿಣಿ. ಅವಳದು ಹೊಟ್ಟೆನೋವು.

ಈಗ ಪಂಚಮಿಯ ಮಾತಿಗೆ ಬರೋಣ. ಹಬ್ಬ ಮುಗಿದು ಇನ್ನೂ ಬಹಳ ದಿನವಾಗಿಲ್ಲ, ನಿಮ್ಮ ಮನೆಗಳಿಗೂ ಹೆಣ್ಣುಮಕ್ಕಳು ಬಂದು ಹೋಗಿದ್ದಾರೆ. ಅಣ್ಣ ಕರೆಯಲಿಕ್ಕೆ ಹೋಗುತ್ತಾನೆ, ತಂಗಿ ಕೂಸನ್ನೆತ್ತಿಕೊಂಡು ಬರುತ್ತಾಳೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ವರ್ಷದಲ್ಲಿ ಬಾಯಿ ಬಿಟ್ಟು ಮಾತಾಡಲು ಸಿಗುವ ನಾಲ್ಕು ದಿನ ಅವು. ಮಗಳು ಬಸ್ಸಿಳಿದಾಗಲೇ ತಾಯಿಗೆ ಗೊತ್ತಾಗುತ್ತದೆ. ಬಳೆ ಮೊಣಕೈಯವರೆಗೆ ಜಾರುತ್ತಿವೆ. ‘ಯಾಕವ್ವಾ, ಸೊರಗೀಯಲ್ಲ’ ಎನ್ನುತ್ತಾಳೆ. ‘ಏನಿಲ್ಲ ಬೇ, ಶ್ರಾವಣದ ಉಪಾಸ’ ಎನ್ನುತ್ತಾಳೆ ಮಗಳು. ತಾಯಿ ಅಲ್ಲಿಗೇ ಬಿಡುತ್ತಾಳೆ. ಆಕೆಗೆ ಪ್ರೀತಿಯಿಲ್ಲ ಎಂದಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಏನಾದರೂ ಮಾಡಬೇಕಾಗುತ್ತದೆ, ಮಾಡಲಿಕ್ಕೆ ಕೈಯಲ್ಲಿ ಏನೂ ಇಲ್ಲ ಎಂಬ ಭಯ.

ಹೊರಡುವ ದಿನ ಬರುತ್ತದೆ. ಉಡಿ ತುಂಬಿಸಿಕೊಂಡ ಮಗಳು ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಏಳುವುದಿಲ್ಲ. ‘ಇನ್ನೆರಡು ದಿನ ಇರ್ಲೇನು ಬೇ?’ ಎಂದು ಕೇಳುತ್ತಾಳೆ. ‘ನಿಮ್ಮತ್ತಿ ಏನಂದಾರು?’ ಎನ್ನುತ್ತಾಳೆ ತಾಯಿ. ಆ ಎರಡು ದಿನದ ಬೇಡಿಕೆ ಒಂದು ಅರ್ಜಿ, ತಂಗಿಯರೆ. ತಹಶೀಲ್ದಾರರ ಕಚೇರಿಗೆ ಕೊಡುವ ಅರ್ಜಿಗಿಂತ ಅದು ಸ್ಪಷ್ಟವಾಗಿದೆ. ನಾವು ಅದನ್ನು ಓದುವುದಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಓದುತ್ತೇವೆ.

ಇನ್ನೊಂದು ಗಾದೆ ನೆರೆಹೊರೆಯವರದು: ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’. ಗೋಡೆಯಾಚೆ ಹೊಡೆಯುವ ಸದ್ದು ಕೇಳಿದಾಗ ನಾವು ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಈ ಗಾದೆ ಹೇಳಿಕೊಂಡು ನಿಶ್ಚಿಂತರಾಗುತ್ತೇವೆ. ಉಣ್ಣಲಿಕ್ಕೇ ಇಕ್ಕದ ಮನೆಯಲ್ಲಿ, ಮಲಗಲಿಕ್ಕೆ ಒಳಗೆ ಕರೆಯದ ಮನೆಯಲ್ಲಿ ಆ ಜಗಳ ಎಲ್ಲಿ ಮುಗಿಯಬೇಕು?

ಹಿಂದೆ ಹೆಂಗಸರಿಗೆ ಮಾತಾಡಲು ಜಾಗಗಳಿದ್ದವು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿದರಲ್ಲ, ಅಂಥ ಹಾಡುಗಳಲ್ಲಿ ಬಹಳಷ್ಟು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಅತ್ತೆಯ ಕಾಟ, ತವರಿನ ಹಂಬಲ, ಎಲ್ಲವನ್ನೂ ಕಲ್ಲಿಗೆ ಹೇಳುವ ನೆವದಲ್ಲಿ ಎದುರು ಕೂತ ನೆಗೆಣ್ಣಿಗೆ ಹೇಳುತ್ತಿದ್ದರು. ಬಾವಿಕಟ್ಟೆಯಲ್ಲಿ, ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಬೆನ್ನಿನ ಬಾಸುಂಡೆ ಯಾರಾದರೂ ಕಾಣುತ್ತಿದ್ದರು. ಗಿರಣಿ ಬಂತು, ಮನೆಯೊಳಗೆ ನಲ್ಲಿ ಬಂತು. ಬರಲೇಬೇಕಿತ್ತು. ಬೀಸುಕಲ್ಲು ಹೋಯಿತೆಂದು ಕಣ್ಣೀರು ಹಾಕುವವರು ಒಂದು ವಾರ ಬೀಸಿ ನೋಡಲಿ. ಆದರೆ ನಾಲ್ಕು ಗೋಡೆಯೊಳಗೆ ನೀರು ಬಂದ ಮೇಲೆ ಹೊಸದಾಗಿ ಬಂದ ಸೊಸೆಗೆ ಹೊರಗೆ ಬರಲು ನೆವವಿಲ್ಲ. ಮೊಬೈಲ್ ಇದೆ ಎನ್ನುತ್ತೀರಿ. ಎಷ್ಟೋ ಮನೆಗಳಲ್ಲಿ ಅದು ಗಂಡನ ಕೈಯಲ್ಲಿರುತ್ತದೆ, ಇಲ್ಲವೇ ಅತ್ತೆಯ ಎದುರಿನಲ್ಲಿ ಸ್ಪೀಕರ್ ಹಾಕಿ ಮಾತಾಡಬೇಕು. ಈಗ ಉಳಿದಿರುವ ಜಾಗ ಎಂದರೆ ಅಂಗನವಾಡಿ, ಆಶಾ ಬರುವ ಹೊಸ್ತಿಲು, ನಿಮ್ಮ ಸಂಘದ ಸಭೆ. ಅದಕ್ಕೇ ಈ ಮಾತನ್ನು ನಿಮ್ಮೆದುರು ಆಡುತ್ತಿದ್ದೇನೆ.

ಸಾಯುವ ಯೋಚನೆಯಲ್ಲಿರುವವಳು ಯಾವ ಸೂಚನೆಯನ್ನೂ ಕೊಡುವುದಿಲ್ಲ ಎಂಬುದು ತಪ್ಪು ತಿಳುವಳಿಕೆ. ಬಹಳ ಜನ ಕೊಡುತ್ತಾರೆ, ನಮ್ಮ ಭಾಷೆಯಲ್ಲೇ ಕೊಡುತ್ತಾರೆ. ‘ಸಾಕಾಗೈತಿ ಬೇ’, ‘ನಾ ಇಲ್ಲದಿದ್ರ ಎಲ್ಲಾರೂ ಆರಾಮಿರ್ತೀರಿ’, ‘ಮುಂದಿನ ಪಂಚಮಿಗೆ ಯಾರು ಇರ್ತಾರೋ ಯಾರಿಲ್ಲೋ’. ಒಳ್ಳೆಯ ಸೀರೆಯನ್ನು ತಂಗಿಗೆ ಉಡಿಸಿ ಹೋಗುತ್ತಾಳೆ. ಕೂಸನ್ನು ಅಜ್ಜಿಯ ಹತ್ತಿರ ರೂಢಿ ಮಾಡಿಸುತ್ತಾಳೆ. ಬಹಳ ದಿನ ಅಳುತ್ತಿದ್ದವಳು ಒಮ್ಮೆಲೇ ಶಾಂತಳಾಗಿಬಿಡುತ್ತಾಳೆ, ನಾವು ‘ಪಾಡಾತು, ಹೊಂದಿಕೊಂಡಳು’ ಎನ್ನುತ್ತೇವೆ. ಹೀಗೆ ಹೇಳಿದವರೆಲ್ಲ ಸಾಯುವುದಿಲ್ಲ, ನಿಜ. ಯಾರು ಬೇಸರಕ್ಕೆ ಅಂದರು, ಯಾರು ನಿಜವಾಗಿ ಅಂದರು ಎಂಬುದು ದೂರದಿಂದ ತಿಳಿಯುವುದಿಲ್ಲ. ಕೇಳಬೇಕು.

ಹೇಗೆ ಕೇಳಬೇಕು? ನೇರವಾಗಿ. ‘ಯವ್ವಾ, ಸಾಯಬೇಕು ಅಂತ ಅನಸೈತೇನು ನಿನಗ?’ ಇಷ್ಟೇ. ‘ಅಪಶಕುನದ ಮಾತು, ಕೇಳಿದರೆ ಇಲ್ಲದವಳ ತಲೆಗೂ ಹೊಕ್ಕೀತು’ ಎಂದು ಹೆದರುತ್ತೀರಿ. ಹಲವು ದೇಶಗಳ ವೈದ್ಯರು ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಎದೆಯ ಭಾರ ಇಳಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಸಾರುತ್ತ ಬಂದಿದೆ. ಸೆಪ್ಟೆಂಬರ್ 10ನ್ನು ಆತ್ಮಹತ್ಯೆ ತಡೆಯುವ ದಿನವೆಂದು 2003ರಿಂದ ಜಗತ್ತಿನಲ್ಲೆಲ್ಲ ಆಚರಿಸುತ್ತಾರೆ. 2024ರಿಂದ 2026ರವರೆಗೆ ಅವರು ಕೊಟ್ಟ ಕರೆಯೂ ಮಾತು ಶುರುಮಾಡಿ ಎಂಬುದೇ.

ನಾನು ಕೆಲಸದಲ್ಲಿದ್ದಾಗಿನ ಒಂದು ಸಂಗತಿ ಹೇಳುತ್ತೇನೆ. ಬಿ.ಎ. ಎರಡನೆಯ ವರ್ಷದ ಹುಡುಗಿ, ಆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದಾಗಲೇ ನನ್ನಿಂದ ಒಯ್ದಿದ್ದ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟಳು. ನೀಟಾಗಿ ಕಾಗದದ ಹೊದಿಕೆ ಹಾಕಿದ್ದಳು. ‘ಇನ್ನ ಬೇಕಾಗೂದಿಲ್ರಿ ಮೇಡಂ’ ಎಂದಳು. ಆ ಧ್ವನಿಯಲ್ಲಿ ಏನೋ ಇತ್ತು. ಗ್ರಂಥಾಲಯದ ಹಿಂದಿನ ಬೇವಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದೆ. ನೆಲ ನೋಡುತ್ತ ‘ಹೂಂರಿ’ ಎಂದಳು. ಎಂದಿನಿಂದ ಎಂದರೆ, ದೀಪಾವಳಿಗೆ ಅಳಿಯನಿಗೆ ಮೋಟಾರ್ ಸೈಕಲ್ ಬರಲಿಲ್ಲ, ಅಂದಿನಿಂದ. ತಾಯಿಗೆ ಹೇಳಿದೆಯಾ ಎಂದರೆ, ಮದುವೆಗೆಂದು ಅಪ್ಪ ಎತ್ತು ಮಾರಿದ್ದ, ಇನ್ನೇನು ಹೇಳಲಿ ಎಂದಳು. ಒಂದೂವರೆ ತಾಸು ಕೂತಿದ್ದೆವು. ನಾನು ಉಪದೇಶ ಮಾಡಲಿಲ್ಲ. ‘ನಿನಗೇನಾಗಿದೆ, ಬಂಗಾರದಂಥ ಬಾಳುವೆ’ ಎನ್ನಲಿಲ್ಲ, ‘ಸತ್ತರೆ ಪಾಪ’ ಎನ್ನಲಿಲ್ಲ. ಆ ದಿನ ಕೇಳಿದ ಪ್ರಶ್ನೆಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದು: ‘ಇವತ್ತ ರಾತ್ರಿ ಎಲ್ಲಿ ಇರ್ತಿ?’ ಅವಳ ಚಿಗವ್ವ ಧಾರವಾಡದಲ್ಲೇ ಇದ್ದಳು. ಆಟೋದಲ್ಲಿ ಅಲ್ಲಿಗೆ ಹೋದೆವು. ಚಿಗವ್ವ ಬಾಗಿಲಲ್ಲೇ ಅವಳ ಮುಖ ನೋಡಿ, ಏನೂ ಕೇಳದೆ, ತಾಟಿಗೆ ಅನ್ನ ಬಡಿಸಿದಳು.

ಮುಂದೆ ಎಲ್ಲವೂ ಸುಖವಾಯಿತು ಎನ್ನಲಾರೆ. ಹುಡುಗಿ ಪದವಿ ಮುಗಿಸಲಿಲ್ಲ. ಪಂಚಾಯಿತಿ, ವಕೀಲರು, ಎರಡು ವರ್ಷ ಓಡಾಟ. ಬಾಳುವೆ ಉಳಿಯಲಿಲ್ಲ. ಆಕೆ ಉಳಿದಳು. ಹುಬ್ಬಳ್ಳಿಯಲ್ಲಿ ಹೊಲಿಗೆ ಮಾಡುತ್ತಾಳೆ, ಮಗಳನ್ನು ಓದಿಸುತ್ತಿದ್ದಾಳೆ.

ಕೇಳಿದ ಮೇಲೆ ‘ಹೂಂ’ ಎಂದಳು ಎಂದಿಟ್ಟುಕೊಳ್ಳಿ. ಅವಳನ್ನು ಒಬ್ಬಳೇ ಬಿಡಬೇಡಿ, ಆ ರಾತ್ರಿ ಯಾರಾದರೂ ಜೊತೆಗೆ ಮಲಗಲಿ. ಎರಡನೆಯದು ಮನೆಯಲ್ಲಿರುವ ಎಣ್ಣಿ. ಹತ್ತಿಗೆ, ಗೋವಿನಜೋಳಕ್ಕೆ ಹೊಡೆಯುವ ಎಣ್ಣಿಯ ಡಬ್ಬಿ ನಮ್ಮ ಕಡೆ ಪಡಸಾಲೆಯ ಮಾಡದಲ್ಲಿ, ಬಚ್ಚಲಿನ ಮೂಲೆಯಲ್ಲಿ ಇರುತ್ತದೆ. ಸಾಯಬೇಕೆಂಬ ಉಬ್ಬರ ಎಷ್ಟೋ ಸಲ ಕೆಲವೇ ಹೊತ್ತಿನದು. ಆ ಹೊತ್ತು ಕೈಗೆ ಏನೂ ಸಿಗದೆ ದಾಟಿದರೆ ಜೀವ ಉಳಿಯುತ್ತದೆ, ಹಾಗೆ ಬದುಕಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಆತ್ಮಹತ್ಯೆ ವಿಪರೀತವಾಗಿತ್ತು. ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು, ಎರಡು ದಶಕದಲ್ಲಿ ಆ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹೆಂಗಸರ ಕಷ್ಟವೆಲ್ಲ ಅಲ್ಲಿ ಮಾಯವಾಗಿರಲಿಲ್ಲ, ಡಬ್ಬಿ ದೂರವಾಗಿತ್ತು. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮೀ ವಿಜಯಕುಮಾರ್ ಮತ್ತು ಸಂಗಡಿಗರು ಊರಿಗೊಂದು ಸಾಮೂಹಿಕ ಕಪಾಟು ಕಟ್ಟಿಸಿ, ರೈತರೆಲ್ಲ ಔಷಧವನ್ನು ಅಲ್ಲೇ ಬೀಗ ಹಾಕಿಡುವಂತೆ ಮಾಡಿ ನೋಡಿದ್ದಾರೆ. ದೇವಿಕೊಪ್ಪದಲ್ಲಿ ಅದು ಆಗದ ಕೆಲಸವೇನಲ್ಲ. ಅಲ್ಲಿಯವರೆಗೆ ಎಣ್ಣಿ ಮನೆಯೊಳಗೆ ಬೇಡ, ಬೀಗದಲ್ಲಿರಲಿ.

ಮೂರನೆಯದಾಗಿ, ಒಂದು ಸಂಖ್ಯೆ ಬಾಯಿಪಾಠ ಮಾಡಿ: 14416. ಟೆಲಿ ಮಾನಸ್ ಎಂದು ಹೆಸರು, ಅಕ್ಟೋಬರ್ 2022ರಲ್ಲಿ ಶುರುವಾಯಿತು. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ಆ ಕ್ಷಣಕ್ಕೆ ಪೊಲೀಸರು ಬೇಕಾದರೆ 112. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ‘ಹುಚ್ಚರ ದವಾಖಾನಿ’ ಎಂದು ನಮ್ಮ ಹಿರಿಯರು ಬೆದರಿಸುತ್ತಿದ್ದ ಜಾಗವೇ ಅದು. ಈಗ ಅಲ್ಲಿಗೆ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ತೋರಿಸಿಕೊಂಡು ಸಂಜೆಯ ಬಸ್ಸಿಗೆ ಮನೆಗೆ ಹೋಗುವವರು ಎಷ್ಟೋ ಜನ. ಬಾಣಂತಿ ಸನ್ನಿ ಎಂದು ದೇವರು ಕೇಳಿಸಿಕೊಂಡು ತಿಂಗಳು ಕಳೆಯುತ್ತೀರಲ್ಲ, ಅದು ಔಷಧಕ್ಕೆ ಗುಣವಾಗುವ ಕಾಯಿಲೆ, ಬಿಟ್ಟರೆ ತಾಯಿ ಮಗು ಇಬ್ಬರಿಗೂ ಅಪಾಯ.

ಯಾರಾದರೂ ಆಗಲೇ ಪ್ರಯತ್ನ ಮಾಡಿಬಿಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ‘ಕೇಸ್ ಆಗ್ತೈತಿ’ ಎಂದು ಮನೆಯಲ್ಲೇ ಇಟ್ಟುಕೊಂಡು ಕೂತವರನ್ನು ನಾನು ಬಲ್ಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಹೇಳುವುದು ಇದು: ಹಾಗೆ ಮಾಡಿಕೊಂಡವಳು ತೀವ್ರ ಒತ್ತಡದಲ್ಲಿದ್ದಳೆಂದೇ ತಿಳಿಯಬೇಕು, ಅವಳನ್ನು ಶಿಕ್ಷಿಸಕೂಡದು, ಆರೈಕೆ ಮಾಡುವುದು ಸರ್ಕಾರದ ಹೊಣೆ. ಹಳೆಯ 309ನೇ ಕಲಂ ಹೊಸ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನ ಕೆಲಸಕ್ಕೆ ಒತ್ತಡ ತರಲೆಂದು ಮಾಡಿದರೆ ಮಾತ್ರ ಅದು ಅಪರಾಧ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ತಿಳಿಸಲಿ. ಅವಳು ತನ್ನ ಬಾಯಿಂದ ನಿಜ ಹೇಳಲು ಅದೊಂದು ಅವಕಾಶ. ಆಗ ಗಂಡನ ಮನೆಯವರು ಮಂಚದ ಸುತ್ತ ಇರದಂತೆ ನೋಡಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ‘ಮಾತಾಡಿ, ಮಾತಾಡಿ’ ಎನ್ನುವುದು ಈಗ ಎಲ್ಲ ಕಡೆ ಕೇಳುವ ಉಪದೇಶ. ಮಾತಾಡಿಸುವವರು ಯಾವ ಕಡೆ ನಿಂತಿದ್ದಾರೆ ಎಂಬುದು ಮುಖ್ಯ. ಸಮಾಲೋಚನೆ ಎಂಬ ಹೆಸರಿನಲ್ಲಿ ಗಂಡ ಹೆಂಡತಿಯನ್ನು ಎದುರುಬದುರು ಕೂಡಿಸಿ, ‘ಇಬ್ಬರೂ ಸ್ವಲ್ಪ ಹೊಂದಿಕೊಳ್ಳಿ’ ಎಂದು ಬರೆಸಿಕೊಂಡು ಅದೇ ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ. ಅದು ಅವಳ ಪಾಲಿಗೆ ಮುಚ್ಚಿದ ಕೊನೆಯ ಬಾಗಿಲು. ಇತ್ತ ‘ಅವಳಿಗೆ ತಲಿ ಸರಿ ಇಲ್ಲ, ಗುಳಿಗೆ ನಡದಾವು’ ಎಂದು ಹೇಳಿ ಮೈಮೇಲಿನ ಪೆಟ್ಟನ್ನು ಮುಚ್ಚುವವರೂ ಇದ್ದಾರೆ. ಗುಳಿಗೆ ಬೇಕಾದವಳಿಗೆ ಗುಳಿಗೆ ಕೊಡಿಸಿ. ಗುಳಿಗೆಯಿಂದ ಗಂಡನ ಕೈ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಿ. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಆ ಮನೆಯಲ್ಲಿ ಇರುವ ಹಕ್ಕನ್ನೇ ಅದು ಅವಳಿಗೆ ಕೊಡುತ್ತದೆ.

ಹುಂಡಾದ ಮಾತಿಲ್ಲದೆ ಇದೆಲ್ಲ ಅರ್ಧ. ನಮ್ಮ ಅಜ್ಜಿಯರ ಕಾಲಕ್ಕೆ ಈ ಭಾಗದ ಎಷ್ಟೋ ಸಮುದಾಯಗಳಲ್ಲಿ ಗಂಡಿನವರು ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಅದೂ ಹೆಣ್ಣನ್ನು ಕೊಂಡಂತೆಯೇ, ಹೊಗಳಬೇಕಾಗಿಲ್ಲ. ಈಗ ಅದೇ ಸಮುದಾಯಗಳಲ್ಲಿ ಹೆಣ್ಣಿನವರು ಕೊಡಬೇಕು, ಮದುವೆಯ ದಿನಕ್ಕೆ ಅದು ಮುಗಿಯುವುದೂ ಇಲ್ಲ. ಕಲಘಟಗಿಯ ತೊಟ್ಟಿಲು ನಾಡಿಗೇ ಹೆಸರಾದದ್ದು, ಅದರ ಬಣ್ಣ, ಚಿತ್ರ ನೋಡುತ್ತ ನಿಂತರೆ ಕಾಲ ಹೋಗುವುದೇ ತಿಳಿಯುವುದಿಲ್ಲ. ಆದರೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೇ ‘ತವರಿನವರು ಏನು ತಂದರು’ ಎಂಬ ಲೆಕ್ಕವೂ ಶುರುವಾಗುತ್ತದೆ, ಹಸಿ ಬಾಣಂತಿಯ ಎದುರಿಗೇ.

ಕೊನೆಗೆ ನಿಮ್ಮ ಬಗ್ಗೆಯೇ ಒಂದು ಕಹಿ ಮಾತು, ಸಿಟ್ಟಾಗಬೇಡಿ. ಸಂಘದ ಮೇಲೆ ತಂದ ಸಾಲದ ಕಂತು ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಜನ ಅವಳ ಬಾಗಿಲಲ್ಲಿ ಹೋಗಿ ಕೂಡುವುದುಂಟು. ಫೈನಾನ್ಸಿನವನು ಗೇಟಿನಾಚೆ ಬೈಕಿನ ಮೇಲೆ ಕೂತಿರುತ್ತಾನೆ, ಬೈಯುವ ಕೆಲಸ ನಮ್ಮಿಂದ ಮಾಡಿಸುತ್ತಾನೆ. ಆ ಸಾಲ ಅವಳ ಗಂಡನ ಕುಡಿತಕ್ಕೋ ನಾದಿನಿಯ ಮದುವೆಗೋ ಹೋಗಿರುತ್ತದೆ, ಸಹಿ ಮಾತ್ರ ಅವಳದು. ಇಂಥ ಕಿರುಕುಳದಿಂದ ಸಾವುಗಳಾದ ಮೇಲೆ ಫೆಬ್ರುವರಿ 2025ರಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತು. ಸಾಲ ವಸೂಲಿಗೆ ಬೆದರಿಸುವುದು, ಮನೆಗೆ ಬಂದು ಪೀಡಿಸುವುದು ಅದರ ಪ್ರಕಾರ ಅಪರಾಧ. ಕಂತು ತಪ್ಪಿದ ವಾರ ಅವಳ ಮನೆಗೆ ಒಬ್ಬರೇ ಹೋಗಿ. ದುಡ್ಡಿನ ಮಾತು ಆಮೇಲಿರಲಿ, ‘ಉಂಡಿಯೇನು’ ಎಂದು ಮೊದಲು ಕೇಳಿ.

ಸಾವಾದ ಮನೆಯನ್ನೂ ಬಿಡಬೇಡಿ. ಹದಿಮೂರು ದಿನ ಮುಗಿದ ಮೇಲೆ ಆ ಹೊಸ್ತಿಲು ಯಾರೂ ತುಳಿಯುವುದಿಲ್ಲ, ಎದುರಾದರೆ ದಾರಿ ಬದಲಿಸುತ್ತಾರೆ. ಸತ್ತವಳ ತಂಗಿ, ತಾಯಿ, ಮಗಳು ಅದೇ ದುಃಖವನ್ನು ಒಳಗೊಳಗೇ ತಿನ್ನುತ್ತಿರುತ್ತಾರೆ. ಸತ್ತವಳ ಹೆಸರು ಹಿಡಿದು ಅವರ ಹತ್ತಿರ ಮಾತಾಡಿ, ಎಂಥವಳಿದ್ದಳು, ಏನು ಚೆನ್ನಾಗಿ ಮಾಡುತ್ತಿದ್ದಳು ಎಂದು. ಹೇಗೆ ಸತ್ತಳು ಎಂಬ ವಿವರ ಮಾತ್ರ ಬೇಡ, ಅದನ್ನು ಮಕ್ಕಳೆದುರು ಚಪ್ಪರಿಸಿಕೊಂಡು ಹೇಳುವ ಅಭ್ಯಾಸ ನಮ್ಮ ಕಟ್ಟೆಗಳಿಗಿದೆ.

ನಾನು ಬಹಳ ಹೊತ್ತು ಮಾತಾಡಿದೆ. ಹಿಂದಿನ ಸಾಲಿನಲ್ಲಿ ಬಾಗಿಲ ಬಳಿ ಕೂತಿರುವ ತಂಗಿ ಆಗಿನಿಂದ ಏನೋ ಕೇಳಬೇಕೆಂದು ಕೈ ಎತ್ತಿ ಇಳಿಸುತ್ತಿದ್ದಾಳೆ. ಎಲ್ಲರೆದುರು ಬೇಡವಾದರೆ ಇರಲಿ, ನಾನು ಸಂಜೆಯ ಬಸ್ಸಿಗೇ ಹೋಗುವವಳು, ಅಲ್ಲಿಯವರೆಗೆ ಅಂಗನವಾಡಿಯ ಕೋಣೆಯಲ್ಲಿ ಇರುತ್ತೇನೆ.